ಹೆಬ್ಬೆರಳಿಗೆ ಒಂದು ಕೊಕ್ಕೆ

ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ ಇರುತ್ತದಲ್ಲ, ಹಾಟ್ ಶೂ, ಅದರೊಳಗೆ ಫ್ಲ್ಯಾಶ್ ಬದಲು ಒಂದು ಲೋಹದ ಪಟ್ಟಿ ತೂರಿಸಿದೆ. ಪಟ್ಟಿ ಬಲಕ್ಕೆ ಎರಡು ಬೆರಳಗಲ ಹರಿದು, ಹಿಂಬದಿಯ ಅಂಚು ದಾಟಿ, ಈಚೆಗೆ ಚಾಚಿ ಕೆಳಕ್ಕೆ ಬಾಗಿದೆ. ಬಾಗಿದ ಕಡೆ ಹೆಬ್ಬೆರಳು ಆತುಕೊಳ್ಳುವಷ್ಟು ತಗ್ಗು. ಗುಂಡಿಯಿಲ್ಲ, ತಿರುಪಿಲ್ಲ, ಕರೆಂಟಿಲ್ಲ. ಒತ್ತಿದರೆ ಏನೂ ಆಗುವುದಿಲ್ಲ, ಎಳೆದರೂ ಏನೂ ಆಗುವುದಿಲ್ಲ. ನಮ್ಮ ಭಾವನ ಲೈಕಾ ಎಂ10 ಮೇಲೆ ಇದನ್ನು ಮೊದಲು ಕಂಡದ್ದು.

"ಭಾವ, ಇದೇನಿದು? ಏನೋ ಮುರಿದು ಈಚೆಗೆ ಬಂದ ಹಾಗಿದೆಯಲ್ಲ?"

"ಮುರಿದಿಲ್ಲ ಕಣಯ್ಯ. ಅದು ಹೆಬ್ಬೆರಳಿಗೆ."

"ಹೆಬ್ಬೆರಳಿಗೆ ಏನು?"

"ಹೆಬ್ಬೆರಳಿಗೆ. ಅಷ್ಟೆ."

*

ಇದಕ್ಕೆ ಥಂಬ್ ಗ್ರಿಪ್ ಅನ್ನುತ್ತಾರೆ. ಥಂಬ್ ರೆಸ್ಟ್, ಥಂಬ್ ಸಪೋರ್ಟ್ ಅನ್ನುವವರೂ ಇದ್ದಾರೆ. ಲೈಕಾದ ಡಿಜಿಟಲ್ ಕ್ಯಾಮೆರಾಗಳಿಗೆ ಇಂಥದ್ದನ್ನು ಮಾಡಿ ಹೆಸರಾದವರು ಟಿಮ್ ಐಸಾಕ್. ಅವರ ಮ್ಯಾಚ್ ಟೆಕ್ನಿಕಲ್ ಕಂಪನಿಯ ಮಾಲಿನ ಹೆಸರು ಥಂಬ್ಸ್ ಅಪ್. (ನಮ್ಮ ಕಡೆ ಆ ಹೆಸರು ಹೇಳಿ ಕೇಳಿದರೆ ಅಂಗಡಿಯವನು ಫ್ರಿಜ್ ಬಾಗಿಲು ತೆಗೆಯುತ್ತಾನೆ.) ಈಗ ಅಲ್ಯೂಮಿನಿಯಂನದು ಒಂದೆರಡು ಸಾವಿರಕ್ಕೂ ಸಿಗುತ್ತದೆ, ಹೆಸರಿರುವವರದು ಹತ್ತು ಸಾವಿರ ದಾಟುತ್ತದೆ. ಹಿತ್ತಾಳೆಯಲ್ಲಿ ಕಡೆದು ಕಪ್ಪು ಬಣ್ಣ ಹೊಡೆದದ್ದೂ ಉಂಟು. ಬಣ್ಣ ಸವೆದು ಕೆಳಗಿನ ಹಿತ್ತಾಳೆ ಹೊಳೆಯತೊಡಗಿದರೆ ಅದಕ್ಕೆ ಖುಷಿಪಡುವ ಜನ ಲೈಕಾದವರು. ಅಂಥವರಿಗೆ ಈ ತುಂಡಿನ ಬಣ್ಣವೂ ಕ್ಯಾಮೆರಾದ ಜೊತೆಜೊತೆಗೇ ಹೋಗಬೇಕು.

ಅಕ್ಕ ಬೆಲೆ ಕೇಳಿದಳು. ಕೇಳಿ ಅಂದಳು: "ಕೈಯಲ್ಲಿ ನೆಟ್ಟಗೆ ಹಿಡಿಯೋಕೆ ಆಗದ ಕ್ಯಾಮೆರಾನ ಅಷ್ಟು ದುಡ್ಡು ಸುರಿದು ತಗೊಂಡಿದ್ದಾದರೂ ಯಾಕೆ?"

ಭಾವ ಪೇಪರು ಮಡಚಿ ಒಳಗೆ ಹೋದರು. ನನಗೇನೋ ಅಕ್ಕನ ಪ್ರಶ್ನೆ ನ್ಯಾಯವಾಗಿಯೇ ಕಂಡಿತು. ಈ ಟಿಪ್ಪಣಿಗಳೆಲ್ಲ ಅದರ ಹಿಂದೆ ಹೊರಟದ್ದು.

*

ಭಾವನ ಲೈಕಾ ರೇಂಜ್‌ಫೈಂಡರ್ ಕ್ಯಾಮೆರಾ. ಇದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಎಡ ಮೂಲೆಯ ಕಿಂಡಿಗೆ ಕಣ್ಣಿಟ್ಟರೆ ನಡುವೆ ಒಂದು ಪುಟ್ಟ ಚೌಕ ಬೆಳ್ಳಗೆ ಕಾಣುತ್ತದೆ. ಅದರೊಳಗೆ ಎಲ್ಲವೂ ಎರಡೆರಡು: ಎರಡು ಮೂಗು, ಎರಡು ತುಳಸಿಕಟ್ಟೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡೂ ಬಿಂಬ ಸರಿದು ಬಂದು ಒಂದರ ಮೇಲೊಂದು ಕೂರುತ್ತವೆ. ಆಗ ಫೋಕಸ್ ಆಯಿತೆಂದು ಲೆಕ್ಕ. ಈ ತಿರುಗಿಸುವ ಕೆಲಸ ಎಡಗೈಯದು. ಅದು ಲೆನ್ಸಿನ ಅಡಿಯಲ್ಲಿ ಬೆರಳಾಡಿಸುತ್ತಲೇ ಇರಬೇಕು, ಹಾಗಾಗಿ ಹಿಡಿಯುವ ಜವಾಬ್ದಾರಿ ಬಹುಪಾಲು ಬಲಗೈಗೆ ಬೀಳುತ್ತದೆ.

ಬಲಗೈಯಲ್ಲಿ ಎಷ್ಟು ಬೆರಳು ಖಾಲಿ ಇವೆ ನೋಡಿ. ತೋರುಬೆರಳು ಶಟರ್ ಗುಂಡಿಗೆ ಮೀಸಲು. ಅದು ಹಿಡಿತಕ್ಕೆ ಸೇರಕೂಡದು, ಸೇರಿದರೆ ಒತ್ತುವಾಗ ಕ್ಯಾಮೆರಾನೇ ಅಲುಗುತ್ತದೆ. ಮಧ್ಯದ ಬೆರಳು, ಉಂಗುರದ ಬೆರಳು ಮುಂದೆ. ಕಿರುಬೆರಳನ್ನು ಕೆಲವರು ಮುಂದೆ ಇಡುತ್ತಾರೆ, ಕೆಲವರು ಕ್ಯಾಮೆರಾದ ಅಡಿಗೆ ಕೊಡುತ್ತಾರೆ. ಹಿಂದೆ ಉಳಿಯುವವನು ಹೆಬ್ಬೆರಳು, ಒಬ್ಬನೇ. ಅವನ ಎದುರಿಗೆ ಚಪ್ಪಟೆ ಬೆನ್ನು. ಲೈಕಾ ಎಂ ಕ್ಯಾಮೆರಾದ ಎರಡು ತುದಿಗಳೂ ಅರ್ಧಚಂದ್ರದ ಹಾಗೆ ದುಂಡಗೆ, ನೋಡಲು ಬಲು ಚಂದ. ಹಿಡಿಯಲು ಒಂದು ಉಬ್ಬಿಲ್ಲ, ಒಂದು ಮೂಲೆಯಿಲ್ಲ.

ಒಳಗಿನ ಕನ್ನಡಿಯಿಂದ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗಳ ಕಥೆ ಬೇರೆ. 1986ರಲ್ಲಿ ಬಂದ ಕ್ಯಾನನ್ ಟಿ90, ಲೂಯಿಜಿ ಕೊಲಾನಿ ಎಂಬ ಜರ್ಮನ್ ವಿನ್ಯಾಸಕಾರ ಕೈಯಾಡಿಸಿದ್ದು, ಬಲಗಡೆ ಮುಷ್ಟಿ ತುಂಬುವ ಉಬ್ಬನ್ನು ಹೊತ್ತು ಬಂತು. ಮೋಟರು ಬ್ಯಾಟರಿಗಳಿಗೆ ಜಾಗವೂ ಬೇಕಿತ್ತು. ಅಲ್ಲಿಂದೀಚೆಗೆ ಉಳಿದೆಲ್ಲರ ಕ್ಯಾಮೆರಾಗಳೂ ಮೆತ್ತಗೆ ಊದಿಕೊಂಡವು. ಲೈಕಾ ಮಾತ್ರ 1954ರ ಮೈಕಟ್ಟನ್ನು ಬಿಡಲಿಲ್ಲ.

*

ಎಂ10ರ ತೂಕ ಬ್ಯಾಟರಿ ಸೇರಿ 660 ಗ್ರಾಂ. ಭಾವ ಹಾಕಿಕೊಂಡಿರುವ 50 ಮಿಲಿಮೀಟರಿನ ಸಮ್ಮಿಕ್ರಾನ್ ಲೆನ್ಸು 240 ಗ್ರಾಂ. ಒಟ್ಟು 900. ಒಂದು ಕೆ.ಜಿ.ಗೂ ಕಡಿಮೆ, ಇದಕ್ಕೇಕೆ ಇಷ್ಟು ಆರ್ಭಟ ಅಂದುಕೊಂಡು ಒಂದೇ ಕೈಯಲ್ಲಿ ಹಿಡಿದು ನೋಡಿದೆ. ಭಾರ ಅನ್ನಿಸುವುದಿಲ್ಲ, ಜಾರುತ್ತದೆ ಅನ್ನಿಸುತ್ತದೆ. ಯಾಕೆಂದರೆ ತೂಕವೆಲ್ಲ ಇರುವುದು ಲೆನ್ಸಿನ ಆಸುಪಾಸಿನಲ್ಲಿ, ಹಿಡಿತ ಇರುವುದು ಬಲ ತುದಿಯಲ್ಲಿ. ಎಡಗಡೆ ತುದಿ ಕೆಳಕ್ಕೆ ಬಾಗಲು ನೋಡುತ್ತದೆ, ಲೆನ್ಸಿನ ಮೂತಿಯೂ ಮುಂದಕ್ಕೆ ತೂಗುತ್ತದೆ. ಈ ಎರಡು ತಿರುಚನ್ನೂ ಬರೀ ಬೆರಳ ಒತ್ತಡದಿಂದ, ಚರ್ಮದ ಘರ್ಷಣೆಯಿಂದ ತಡೆಯಬೇಕು.

ಸಿಟಿ ಬಸ್ಸಿನಲ್ಲಿ ಹಿಡಿಯಲು ಕಂಬಿ ಸಿಗದೆ ಅಂಗೈಯನ್ನು ಚಾವಣಿಗೆ ಒತ್ತಿ ನಿಂತವರಿಗೆ ಈ ಸ್ಥಿತಿ ಗೊತ್ತು. ನಿಲ್ಲಬಹುದು, ಬೀಳುವುದಿಲ್ಲ, ಆದರೆ ಇಡೀ ತೋಳು ಬಿಗಿದುಕೊಂಡೇ ಇರಬೇಕು. ಕಂಬಿ ಸಿಕ್ಕಿದರೆ ಎರಡು ಬೆರಳು ಸಾಕು. ಥಂಬ್ ಗ್ರಿಪ್ ಮಾಡುವುದು ಇಷ್ಟೆ. ಕ್ಯಾಮೆರಾ ತಿರುಚಲು ನೋಡಿದಾಗ ಕೊಕ್ಕೆ ಹೆಬ್ಬೆರಳಿಗೆ ಬಂದು ತಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಒತ್ತಿ ಹಿಡಿಯುವ ಕೆಲಸ ಹೋಗಿ ಆತು ನಿಲ್ಲುವ ಕೆಲಸ ಬಂತು.

ಇಷ್ಟು ಅರ್ಥವಾಯಿತು. ಅರ್ಥವಾಗದೆ ಉಳಿದದ್ದು: ಇಷ್ಟು ಬೇಕಾದ ವಸ್ತುವನ್ನು ಕ್ಯಾಮೆರಾ ಮಾಡಿದವರು ಕ್ಯಾಮೆರಾದಲ್ಲೇ ಯಾಕೆ ಇಡಲಿಲ್ಲ?

*

ಭಾವ ಎಚ್‌ಎಂಟಿಯ ಟೂಲ್ ರೂಮಿನಲ್ಲಿದ್ದು ನಿವೃತ್ತರಾದವರು. ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ, ಈ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಡಿಸಿದ್ದು ಅವಳೇ. ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಹೂವಿನವರ ಸಾಲು ಹಿಡಿದು ಹೊರಡುತ್ತಾರೆ. ನಾನೂ ಜೊತೆಗೆ ಹೋಗಿ ಅವರು ತೆಗೆಯುವ ಫೋಟೊ ಬಿಟ್ಟು ಅವರ ಕೈಯನ್ನೇ ನೋಡಿದೆ.

ಕ್ಯಾಮೆರಾ ಕಣ್ಣಿಗೆ ಹೋಗುವುದು ಕ್ಷಣಹೊತ್ತು. ಉಳಿದಂತೆ ಪೂರ್ತಿ ಸಮಯ ಅದು ತೊಡೆಯ ಪಕ್ಕ, ಬಲಗೈಯಲ್ಲಿ ಜೋತುಕೊಂಡಿರುತ್ತದೆ. ಅವರು ಸೇವಂತಿಗೆ ಮೊಳ ಚೌಕಾಸಿ ಮಾಡುತ್ತಾರೆ, ಪರಿಚಯದವರಿಗೆ ಕೈ ಎತ್ತುತ್ತಾರೆ, ಕಾಫಿ ಲೋಟ ಎಡಗೈಯಲ್ಲಿ. ಬಲಗೈಯ ಬೆರಳುಗಳು ಹೆಚ್ಚೂಕಡಿಮೆ ಸಡಿಲವಾಗಿಯೇ ಇವೆ. ಮುಂದಿನ ಎರಡು ಬೆರಳು ಮಡಚಿವೆ, ಹೆಬ್ಬೆರಳ ಬುಡಕ್ಕೆ ಆ ಕೊಕ್ಕೆ ಸಿಕ್ಕಿಕೊಂಡಿದೆ, ಕ್ಯಾಮೆರಾ ತನ್ನ ಪಾಡಿಗೆ ತಾನು ತೂಗುತ್ತಿದೆ. ಮುಷ್ಟಿ ಬಿಗಿದಿಲ್ಲ.

ಅಂದರೆ ಫೋಟೊ ತೆಗೆಯುವಾಗಿನ ಹಿಡಿತಕ್ಕೆಂದು ಮಾರುವ ಈ ವಸ್ತುವಿನ ನಿಜವಾದ ಉಪಯೋಗ ಫೋಟೊ ತೆಗೆಯದೆ ಇರುವಾಗ. ಕಟ್ಟಿನ ಮೇಲೆ ಹೀಗೆ ಬರೆದು ಮಾರಿದರೆ ಯಾರೂ ಕೊಳ್ಳುವುದಿಲ್ಲವೇನೋ.

*

ಹಿಂದಕ್ಕೆ ಹೋಗಿ ನೋಡಬೇಕು.

ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮೆರಾ ಮಾಡಿದರು. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಮಾರಾಟಕ್ಕೆ ಬಂತು. ಅದರಲ್ಲಿ ಫಿಲ್ಮು ಮುಂದೆ ಹೋಗಬೇಕಾದರೆ ಒಂದು ದುಂಡು ಗುಬುಟನ್ನು ಬೆರಳುಗಳಿಂದ ತಿರುವಬೇಕು. 1932ರಲ್ಲಿ ಒಳಗೇ ರೇಂಜ್‌ಫೈಂಡರ್ ಜೋಡಿಸಿದ ಲೈಕಾ ಬಂದಾಗಲೂ ಗುಬುಟೇ. ಅದೇ ವರ್ಷ ಪ್ಯಾರಿಸ್ಸಿನ ಸಾಂ ಲಜಾರ್ ನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಹಾರುತ್ತಿರುವ ಮನುಷ್ಯನ ಫೋಟೊವನ್ನು ಆನ್ರಿ ಕಾರ್ತಿಯೆ ಬ್ರೆಸಾಂ ಲೈಕಾದಲ್ಲಿ ತೆಗೆದರು. ಅವರ ಹೆಬ್ಬೆರಳಿಗೆ ಹಿಂದೆ ಯಾವ ಆಸರೆಯೂ ಇರಲಿಲ್ಲ. ಇಲ್ಲವೆಂದು ಅವರು ಕೊರಗಿದಂತೆಯೂ ಕಾಣದು. ಕ್ಯಾಮೆರಾವೂ ಆಗ ಇನ್ನೂ ಸಣ್ಣದು, ಹಗುರ.

1954ರಲ್ಲಿ ಎಂ3 ಬಂತು. ಗುಬುಟು ಹೋಗಿ ಬಲಗಡೆ ತಲೆಯ ಮೇಲೆ ಒಂದು ಲಿವರ್. ಹೆಬ್ಬೆರಳಿಂದ ಎಳೆದರೆ ಫಿಲ್ಮು ಎಂಟು ತೂತು ಮುಂದೆ ಸರಿಯುತ್ತದೆ, ಜೊತೆಗೇ ಶಟರ್ ಬಿಗಿದುಕೊಳ್ಳುತ್ತದೆ. ಮೊದಮೊದಲು ಒಂದು ಚಿತ್ರಕ್ಕೆ ಎರಡು ಸಲ ಎಳೆಯಬೇಕಿತ್ತು, 1958ರಿಂದ ಒಂದೇ ಸಲ ಸಾಕಾಯಿತು. ಎಳೆದಾದ ಮೇಲೆ ಲಿವರ್ ಪೂರ್ತಿ ಒಳಗೆ ಹೋಗಲೇಬೇಕೆಂದಿಲ್ಲ. ಸ್ವಲ್ಪ ಹೊರಗೆ, ಮೈಯಿಂದ ಅರ್ಧ ಬೆರಳು ದೂರದಲ್ಲಿ, ನಿಲ್ಲಿಸಿಕೊಳ್ಳಬಹುದು. ಮುಂದಿನ ಚಿತ್ರಕ್ಕೆ ಹೆಬ್ಬೆರಳು ಬೇಗ ಸಿಗಲಿ ಎಂದು ಈ ಅನುಕೂಲ.

ಹೆಬ್ಬೆರಳು ಅಲ್ಲೇ ಬೀಡುಬಿಟ್ಟಿತು. ಲಿವರ್ ಮತ್ತು ಮೈಯ ಸಂದಿನಲ್ಲಿ ತೂರಿಕೊಂಡು, ಎಳೆಯುವ ಕೆಲಸ ಇಲ್ಲದಾಗಲೂ ಅಲ್ಲೇ. ನೈಕಾನ್ ಎಫ್‌ಎಂ ತರಹದ ಎಸ್‌ಎಲ್‌ಆರ್‌ಗಳಲ್ಲೂ ಹೀಗೇ. ಅದರಲ್ಲಂತೂ ಲಿವರ್ ಹೊರಗೆ ಎಳೆದಿಟ್ಟರೆ ಮಾತ್ರ ಲೈಟ್ ಮೀಟರ್ ಕೆಲಸ ಮಾಡುವುದು, ಹಾಗಾಗಿ ಬೆರಳಿಗೆ ಜಾಗ ಕಡ್ಡಾಯವಾಗಿಯೇ ಸಿಕ್ಕಿತು. ಫಿಲ್ಮು ಎಳೆಯಲೆಂದು ಕೊಟ್ಟದ್ದನ್ನು ಬೆರಳು ತನ್ನ ಮನೆ ಮಾಡಿಕೊಂಡಿತು. ಬಾಡಿಗೆ ಕರಾರು ಇಲ್ಲದೆ ಐವತ್ತು ವರ್ಷ ಕೂತ ಒಕ್ಕಲು.

*

ಆ ಲಿವರಿನ ಬಗ್ಗೆಯೇ ಲೈಕಾ ಬಳಗದಲ್ಲಿ ಎರಡು ಪಂಗಡ. ಎಂ3, ಎಂ2ಗಳದು ಒಂದೇ ತುಂಡಿನ ಲೋಹ. 1967ರ ಎಂ4ರಿಂದ ಲಿವರಿನ ತುದಿಗೆ ಒಂದು ಕೀಲು ಬಂತು, ತುದಿಗೆ ಕಪ್ಪು ಪ್ಲಾಸ್ಟಿಕ್ ಕುಲಾವಿ. ಎಂ6ರಲ್ಲೂ ಅದೇ. 2003ರ ಎಂಪಿ ಮತ್ತೆ ಒಂದೇ ತುಂಡಿನ ಲೋಹಕ್ಕೆ ಮರಳಿತು. ಪ್ಲಾಸ್ಟಿಕ್ ಮೆತ್ತಗಿದೆ, ಬೆರಳು ನೋಯುವುದಿಲ್ಲ ಎಂದು ಒಂದು ಕಡೆಯವರು. ಲೋಹದ್ದೇ ಲಕ್ಷಣ, ಕೀಲು ಇದ್ದರೆ ಒರಗಿದಾಗ ಅಲ್ಲಾಡುತ್ತದೆ ಎಂದು ಇನ್ನೊಂದು ಕಡೆಯವರು. ಒರಗಿದಾಗ ಅನ್ನುವ ಮಾತನ್ನು ಗಮನಿಸಬೇಕು. ವಾದ ಎಳೆಯುವುದರ ಬಗ್ಗೆ ಅಲ್ಲ.

*

2006ರಲ್ಲಿ ಎಂ8 ಬಂತು, ಎಂ ಸರಣಿಯ ಮೊದಲ ಡಿಜಿಟಲ್ ಕ್ಯಾಮೆರಾ. ಫಿಲ್ಮಿಲ್ಲ, ಎಳೆಯುವುದೇನೂ ಇಲ್ಲ, ಶಟರನ್ನು ಮೋಟರು ಬಿಗಿಯುತ್ತದೆ. ಪ್ರತಿ ಚಿತ್ರದ ನಂತರ ಗುರ್ ಎಂದು ಸದ್ದು. ಲಿವರ್ ಹೋಯಿತು. ಅದು ಹೋಗಬೇಕಾದ್ದೇ, ಎಂಜಿನಿಯರು ಸರಿಯಾಗಿಯೇ ಯೋಚಿಸಿದ್ದಾರೆ. ಭಾಗ ಮಾಡುವ ಕೆಲಸ ಮುಗಿದ ಮೇಲೆ ಭಾಗ ಇರಬಾರದು.

ಆದರೆ ನಕ್ಷೆಯಲ್ಲಿ ಬರೆಯದೆ ಇದ್ದ ಕೆಲಸ ಒಂದಿತ್ತಲ್ಲ. ಅದನ್ನು ಅಳಿಸುವಾಗ ಯಾರಿಗೂ ಕಾಣಿಸಲಿಲ್ಲ, ಏಕೆಂದರೆ ಅದನ್ನು ಎಲ್ಲೂ ಬರೆದೇ ಇರಲಿಲ್ಲ. ಲೈಕಾ ಕೊಂಡವರು ಕಣ್ಣಿಗೆ ಕ್ಯಾಮೆರಾ ಹಿಡಿದ ಕೂಡಲೇ ಹೆಬ್ಬೆರಳು ಹಿಂದಿನ ಜಾಗಕ್ಕೆ ಹೋಯಿತು, ಅಲ್ಲಿ ನುಣುಪು ಬೆನ್ನು, ಜಾರಿ ಪರದೆಯ ಕಡೆ ಬಂತು. ಥಂಬ್ಸ್ ಅಪ್‌ಗೆ ಗಿರಾಕಿಗಳು ಹುಟ್ಟಿದ್ದು ಹೀಗೆ. ಶೂನಿಂದ ಹೊರಟು ಅದು ಬಂದು ಬಾಗುವುದು ಎಲ್ಲಿ ನೋಡಿ: ಸರಿಯಾಗಿ ಹಳೆಯ ಲಿವರ್ ಹೊರಚಾಚಿ ನಿಲ್ಲುತ್ತಿದ್ದ ಜಾಗದಲ್ಲಿ.

ದಪ್ಪವೂ ಸೇರಿಕೊಂಡಿತು. ಎಂ3ರ ಮೈ 33.5 ಮಿಲಿಮೀಟರ್ ದಪ್ಪ. ಎಂ8, ಎಂ9 ಎರಡೂ 37. 2012ರಲ್ಲಿ ಪ್ರಕಟವಾದ ಟೈಪ್ 240 ಹೆಸರಿನದು 42ಕ್ಕೆ ಏರಿತು. 2017ರ ಎಂ10ರಲ್ಲಿ ಒತ್ತಿ ಒತ್ತಿ 38.5ಕ್ಕೆ ಇಳಿಸಿದರು. ಎಂ3ಗಿಂತ ಟೈಪ್ 240 ಎಂಟು ಮಿಲಿಮೀಟರು ಹೆಚ್ಚಾದರೇನು ಮಹಾ ಎಂದು ಭಾವನ ಮುಂದೆ ಅಂದೆ.

"ಅರ್ಧ ಮಿಲಿಮೀಟರಿಗೆ ಜಾಬ್ ವಾಪಸ್ ಕಳಿಸಿದವನ ಹತ್ತಿರ ಎಂಟು ಅಂತೀಯಲ್ಲ," ಎಂದರು. "ಬೆರಳು ಉದ್ದ ಆಗಲ್ಲ ಕಣಯ್ಯ. ಮೈ ದಪ್ಪ ಆದಷ್ಟೂ ಸುತ್ತಿಕೊಳ್ಳೋಕೆ ಬೆರಳು ಸಾಲಲ್ಲ."

*

ಎಂ8ಗಿಂತ ಮೊದಲೇ, 2004ರಲ್ಲಿ, ಪ್ರಿಂಟರ್ ಮಾಡುವ ಎಪ್ಸನ್‌ನವರು ಆರ್-ಡಿ1 ಎಂಬ ಕ್ಯಾಮೆರಾ ತಂದಿದ್ದರು. ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಅದು. ಮೈಕಟ್ಟು ಜಪಾನಿನ ಕೊಸಿನಾದವರದು. ಫಿಲ್ಮು ಇಲ್ಲದಿದ್ದರೂ ಅದರಲ್ಲಿ ಲಿವರ್ ಇತ್ತು! ಮೋಟರು ಇಡದೆ, ಪ್ರತಿ ಚಿತ್ರಕ್ಕೂ ಶಟರನ್ನು ಹೆಬ್ಬೆರಳಿಂದಲೇ ಬಿಗಿಯಬೇಕಿತ್ತು. ನಗುವವರು ನಕ್ಕರು. ಆದರೆ ಅಲ್ಲಿ ಹೆಬ್ಬೆರಳು ನಿರುದ್ಯೋಗಿಯಾಗಲಿಲ್ಲ.

2018ರಲ್ಲಿ ಲೈಕಾ ಎಂ10-ಡಿ ಎಂಬುದನ್ನು ಹೊರತಂದಿತು. ಹಿಂದೆ ಪರದೆಯೇ ಇಲ್ಲದ ಡಿಜಿಟಲ್ ಕ್ಯಾಮೆರಾ. ಬಲಗಡೆ ತಲೆಯ ಮೇಲೆ ಫಿಲ್ಮಿನ ಕಾಲದ್ದೇ ರೂಪಿನ ಲಿವರ್. ಅದು ಏನು ಮಾಡುತ್ತದೆ? ಬೆರಳಿಂದ ಎಳೆದರೆ ಹೊರಗೆ ಬರುತ್ತದೆ. ತಳ್ಳಿದರೆ ಒಳಗೆ ಹೋಗುತ್ತದೆ. ಮುಗಿಯಿತು. ಅದು ಹೆಬ್ಬೆರಳ ಆಸರೆ ಮಾತ್ರ, ಎಂದು ಕಂಪನಿಯೇ ಹೇಳಿತು. ಈ ಸುದ್ದಿ ಓದಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡವರು ಬಹಳ. ವೇಷ ಅಂದರು, ನಾಟಕ ಅಂದರು, ಹಳೆಯ ಕಾಲದ ಹಂಬಲವನ್ನು ದುಡ್ಡು ಮಾಡಿಕೊಳ್ಳುವ ಉಪಾಯ ಅಂದರು.

ನನಗೆ ಹಾಗನ್ನಿಸುವುದಿಲ್ಲ. ಲಿವರ್ ಐವತ್ತು ವರ್ಷ ಮಾಡಿದ ಎರಡು ಕೆಲಸಗಳಲ್ಲಿ ಒಂದು ಕಣ್ಣಿಗೆ ಕಾಣುವಂಥದ್ದು, ಇನ್ನೊಂದು ಕೈಗೆ ಮಾತ್ರ ಗೊತ್ತಿದ್ದದ್ದು. ಎಂ10-ಡಿಯಲ್ಲಿ ಎರಡನೆಯದಕ್ಕೆ ಮೊದಲ ಬಾರಿಗೆ ಕಾಯಂ ಹುದ್ದೆ ಸಿಕ್ಕಿತು. ಅಷ್ಟಕ್ಕೆ ಹಳೆಯ ಲಿವರಿನ ಬಟ್ಟೆಯನ್ನೇ ತೊಡಿಸಬೇಕಿತ್ತೇ ಅನ್ನುವುದು ಬೇರೆ ಮಾತು. ಅಲ್ಲಿ ಸ್ವಲ್ಪ ನಾಟಕ ಉಂಟು.

*

ಶೂ ಬಗ್ಗೆ.

ಈ ಜಾಗಕ್ಕೆ ನೂರು ವರ್ಷದ ಬಾಳು. 1925ರ ಲೈಕಾದೊಳಗೆ ರೇಂಜ್‌ಫೈಂಡರ್ ಇರಲಿಲ್ಲ. ದೂರ ಅಳೆಯುವ ಕೊಳವೆಯಂಥ ಉಪಕರಣವನ್ನು ಬೇರೆಯಾಗಿ ಕೊಂಡು ತಲೆಯ ಮೇಲಿನ ಈ ಶೂನಲ್ಲಿ ನಿಲ್ಲಿಸುತ್ತಿದ್ದರು. ರೇಂಜ್‌ಫೈಂಡರ್ ಒಳಗೆ ಹೋದ ಮೇಲೆ ಶೂ ಖಾಲಿಯಾಯಿತು, ಬೇರೆ ಬೇರೆ ಲೆನ್ಸುಗಳ ವ್ಯೂಫೈಂಡರ್‌ಗಳು ಬಂದು ಕೂತವು. ಆಮೇಲೆ ಫ್ಲ್ಯಾಶ್. ಈಗ ಇದರ ಅಳತೆಗೆ ಐಎಸ್ಒ 518 ಎಂಬ ಜಾಗತಿಕ ನಿಯಮವೇ ಇದೆ, ಬಹುಮಟ್ಟಿಗೆ ಯಾವ ಕಂಪನಿಯ ಮಾಲೂ ಯಾವ ಕಂಪನಿಯ ತಲೆಗೂ ಕೂರುತ್ತದೆ. ಕ್ಯಾಮೆರಾದ ತಲೆಯ ಮೇಲೆ ಹೊರಗಿನವರು ಕಾಯಂ ಹಿಡಿದುಕೊಳ್ಳಬಹುದಾದ ಒಂದೇ ಜಾಗ ಅದು. ಹಾಗಾಗಿ ಹೆಬ್ಬೆರಳ ಕೊಕ್ಕೆಯೂ ಅಲ್ಲಿಗೇ ಬಂತು, ಬೇಕಾದದ್ದು ಬಲ ಅಂಚಿನಲ್ಲಾದರೂ.

ತಕರಾರು ಹುಟ್ಟುವುದೂ ಅಲ್ಲೇ. ಎಂ10ರ ಕಿಂಡಿಯೊಳಗೆ 28ರಿಂದ 135 ಮಿಲಿಮೀಟರ್ ಲೆನ್ಸುಗಳಿಗೆ ಚೌಕಟ್ಟಿನ ಗೆರೆ ಇದೆ. 21 ಮಿಲಿಮೀಟರಿನ ಲೆನ್ಸು ಹಾಕಿದರೆ ಎಷ್ಟು ಅಗಲ ಸಿಗುತ್ತದೆಂದು ನೋಡಲು ಬೇರೆ ವ್ಯೂಫೈಂಡರ್ ಬೇಕು. ಅದು ಕೂರುವುದು ಶೂನಲ್ಲಿ. ಎಲೆಕ್ಟ್ರಾನಿಕ್ ವ್ಯೂಫೈಂಡರ್ ಕೂರುವುದೂ ಶೂನಲ್ಲಿ. ಫ್ಲ್ಯಾಶ್ ಸರಿಯೇ ಸರಿ. ಹೆಬ್ಬೆರಳು ಹಾಯಾಗಿರಬೇಕೋ, ಕಣ್ಣು ಹಾಯಾಗಿರಬೇಕೋ, ಒಂದನ್ನು ಆರಿಸಿಕೊಳ್ಳಿ. ಕೆಲವರು ಕೊಕ್ಕೆಯ ಬೆನ್ನ ಮೇಲೆ ಇನ್ನೊಂದು ಶೂ ಕಡೆದು ಕೊಡುತ್ತಾರೆ. ಮಹಡಿ ಮೇಲೆ ಮಹಡಿ.

*

ಭಾವ ಒಂದು ಸಂಜೆ ವರ್ನಿಯರ್ ತೆಗೆದು ಕೂತರು. ಶೂನ ಒಳಅಗಲ ಹದಿನೆಂಟೂವರೆ ಮಿಲಿಮೀಟರಿನ ಆಸುಪಾಸು. ಕೊಕ್ಕೆಯ ಪಾದ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹೊಸದಾಗಿ ತಂದಾಗ ಬಿಗಿಯಾಗಿತ್ತಂತೆ, ತೆಗೆದು ಹಾಕಿ ತೆಗೆದು ಹಾಕಿ ಈಗ ಆಡುತ್ತದೆ. ಹೆಬ್ಬೆರಳು ಒತ್ತಿದಾಗೊಮ್ಮೆ ಟಿಕ್ ಎಂದು ಸಣ್ಣ ಸದ್ದು. ಆಸರೆಯೇ ಅಲ್ಲಾಡಿದರೆ ಹಿಡಿತಕ್ಕೇನು ಅರ್ಥ?

ಅವರು ಹಳೆಯ ಎಕ್ಸ್‌ರೇ ಫಿಲ್ಮಿನ ಚೂರನ್ನು ಪಾದದ ಅಳತೆಗೆ ಕತ್ತರಿಸಿ, ಅಡಿಗಿಟ್ಟು ತೂರಿಸಿದರು. ಹೋಗಲಿಲ್ಲ. ಸ್ಯಾಂಡ್‌ಪೇಪರಿನಲ್ಲಿ ನಾಲ್ಕು ಸಲ ಉಜ್ಜಿ ಮತ್ತೆ ತೂರಿಸಿದರು. ಅರ್ಧಕ್ಕೆ ನಿಂತಿತು. ಇನ್ನೆರಡು ಸಲ ಉಜ್ಜಿದರು. ಈ ಬಾರಿ ಎಣ್ಣೆ ಹಾಕಿದಂತೆ ನಿಧಾನಕ್ಕೆ ಒಳಗೆ ಹೋಗಿ ಕೂತಿತು, ಅಲ್ಲಾಡಿಸಿದರೆ ಇಡೀ ಕ್ಯಾಮೆರಾ ಅಲ್ಲಾಡಿತು. ಅವರ ಮುಖದಲ್ಲಿ ಆಗ ಕಂಡ ತೃಪ್ತಿ ಯಾವ ಫೋಟೊ ನೋಡುವಾಗಲೂ ನಾನು ಕಂಡಿಲ್ಲ.

ಕೆಲವು ಕಂಪನಿಯವರು ಪಾದದಲ್ಲೇ ಸಾಸಿವೆ ಗಾತ್ರದ ಸ್ಕ್ರೂ ಇಟ್ಟು, ಆಲನ್ ಕೀಯಿಂದ ಬಿಗಿಯುವ ಏರ್ಪಾಡು ಮಾಡಿದ್ದಾರೆ. ಅದು ಗಟ್ಟಿ. ಹೆಚ್ಚು ಬಿಗಿದರೆ ಶೂ ಮೇಲೆ ಗೀರು ಬೀಳುತ್ತದೆ. ಕ್ಯಾಮೆರಾ ಮೈಗೆ ಪೆಟ್ಟಾಗದಿರಲೆಂದು ಕೊಕ್ಕೆಯ ಒಳಬದಿಗೆ ರಬ್ಬರಿನ ಚುಕ್ಕಿ ಅಂಟಿಸಿರುತ್ತಾರೆ, ಬಿಸಿಲಿಗೆ ಅಂಟು ಬಿಟ್ಟು ಮೊದಲು ಕಳೆದುಹೋಗುವುದು ಆ ಚುಕ್ಕಿಯೇ.

*

ಎಡಗಣ್ಣಿನಲ್ಲಿ ನೋಡುವವರ ಪಾಡು. ರೇಂಜ್‌ಫೈಂಡರಿನ ಕಿಂಡಿ ಎಡ ಮೂಲೆಯಲ್ಲಿರುವುದು ಬಲಗಣ್ಣಿನವರಿಗಾಗಿ, ಮೂಗು ಕ್ಯಾಮೆರಾದ ಹೊರಗಿರಲಿ ಎಂದು. ಎಡಗಣ್ಣಿಟ್ಟರೆ ಇಡೀ ಮುಖ ಕ್ಯಾಮೆರಾದ ಬೆನ್ನ ಹಿಂದೆ ಬರುತ್ತದೆ. ಕೊಕ್ಕೆಯೋ, ಕೊಕ್ಕೆಗೆ ಆತುಕೊಂಡ ಹೆಬ್ಬೆರಳ ಗೆಣ್ಣೋ ಬಲಗಣ್ಣಿನ ಹತ್ತಿರ ಬರುತ್ತದೆ. ಕನ್ನಡಕ ಇದ್ದರೆ ಗಾಜಿಗೆ ಬಡಿಯುತ್ತದೆ. ಹಳೆಯ ಲಿವರಿನ ಕಾಲದಲ್ಲೂ ಇದೇ ದೂರು. ಕೈಗೆ ಸುಖ ಮಾಡಲು ಹೋದರೆ ಮುಖಕ್ಕೆ ತ್ರಾಸ.

*

ಬೇರೆಯವರ ಮನೆಯಲ್ಲೂ ಇದೇ ಅಡುಗೆ. ಫ್ಯೂಜಿಯ ಎಕ್ಸ್100 ರೇಂಜ್‌ಫೈಂಡರಿನ ಚಹರೆಯ ಕ್ಯಾಮೆರಾ. ಅದರ ಬಲ ಅಂಚಿನಲ್ಲಿ ಎಕ್ಸ್‌ಪೋಷರ್ ಹೆಚ್ಚುಕಡಿಮೆ ಮಾಡುವ ಡಯಲು. ಕೊಕ್ಕೆ ಹಾಕಿದರೆ ಡಯಲಿಗೆ ಬೆರಳು ಹೋಗದು. ಅಮೆರಿಕದ ಲೆನ್ಸ್‌ಮೇಟ್‌ನವರು ಕೊಕ್ಕೆಗೆ ಬಾಗಿಲಿನ ಹಾಗೆ ಕೀಲು ಹಾಕಿ, ಬೇಡವಾದಾಗ ಆಚೆ ಸರಿಸುವಂತೆ ಮಾಡಿದರು. ಸೋನಿಯವರು 2012ರ ಆರ್‌ಎಕ್ಸ್1 ಕ್ಯಾಮೆರಾಕ್ಕೆ ತಾವೇ ಥಂಬ್ ಗ್ರಿಪ್ ಮಾಡಿ ಬೇರೆ ದುಡ್ಡಿಗೆ ಮಾರಿದರು, ಸುಮಾರು 250 ಡಾಲರ್. ಕ್ಯಾಮೆರಾ ಮಾಡಿದವರೇ, ಹಿಡಿಕೆ ಬೇಕಾಗುತ್ತದೆಂದು ತಿಳಿದವರೇ, ಹಿಡಿಕೆ ಇಲ್ಲದ ಕ್ಯಾಮೆರಾ ಮಾರಿ ಹಿಡಿಕೆಗೆ ಬೇರೆ ಬಿಲ್ಲು. ಅಕ್ಕನಿಗೆ ಇದನ್ನು ಹೇಳಲಿಲ್ಲ.

ಲೈಕಾದವರೂ ಟೈಪ್ 240ಕ್ಕೆ ಅಡಿಯಿಂದ ಬಿಗಿಯುವ ಹಿಡಿಕೆ ಮಾಡಿದ್ದರು. ಅದಕ್ಕೆ ಬೆರಳು ತೂರಿಸುವ ಉಂಗುರಗಳು ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯಲ್ಲಿ, ಬಳೆ ಅಂಗಡಿಯ ಲೆಕ್ಕದಲ್ಲೇ.

*

ಕ್ಯಾಮೆರಾ ರಿಪೇರಿಯವರೊಬ್ಬರ ಅಂಗಡಿ. ಗಾಜಿನ ಕಪಾಟಿನಲ್ಲಿ ಒಂದು ಯಾಶಿಕಾ ಎಲೆಕ್ಟ್ರೋ 35, ಅದರ ಲಿವರಿನ ತುದಿಗೆ ಬೂದು ಬಣ್ಣದ ಮುದ್ದೆ.

"ಇದೇನು ಸಾರ್ ಇದು?"

"ಎಂ-ಸೀಲ್ ಸಾರ್. ಲಿವರ್ ತುದಿ ಮುರಿದಿತ್ತು, ಪಾರ್ಟ್ ಎಲ್ಲಿ ಸಿಗತ್ತೆ? ಕಲಸಿ ಮೆತ್ತಿ, ಗಟ್ಟಿ ಆಗೋಕೆ ಮುಂಚೆ ಅವರದೇ ಹೆಬ್ಬೆಟ್ಟು ಒತ್ತಿಸಿದೆ. ಈಗ ಅವರಿಗೆ ಬಿಟ್ಟು ಇನ್ಯಾರಿಗೂ ಸರಿ ಹೋಗಲ್ಲ."

ಹತ್ತಿರ ಹಿಡಿದು ನೋಡಿದೆ. ಬೂದು ಮುದ್ದೆಯ ತಗ್ಗಿನಲ್ಲಿ ಬೆರಳಚ್ಚಿನ ಗೆರೆಗಳು ಸುಳಿ ಸುಳಿಯಾಗಿ ಹಾಗೇ ಉಳಿದಿವೆ. ಭಾವನ ಕೊಕ್ಕೆಗಿಂತ ಇದು ಒಳ್ಳೆಯ ವಿನ್ಯಾಸ ಎಂದು ನನ್ನ ತೀರ್ಮಾನ. ಯಾವುದೋ ಸರಾಸರಿ ಹೆಬ್ಬೆರಳಿಗೆ ಮಾಡಿದ್ದು ಅದು, ಇದು ಒಂದೇ ಒಂದು ಹೆಬ್ಬೆರಳಿಗೆ.

*

ಕೈ ನಡುಗುವುದು ಇದರಿಂದ ಕಡಿಮೆಯಾಗುತ್ತದೆಯೇ? ಹಳೆಯ ಸೂತ್ರದ ಪ್ರಕಾರ 50 ಮಿಲಿಮೀಟರಿನ ಲೆನ್ಸಿಗೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ನಿಧಾನ ಹೋಗಬಾರದು. ರೇಂಜ್‌ಫೈಂಡರಿನಲ್ಲಿ ಕನ್ನಡಿ ಏಳುವ ಪೆಟ್ಟಿಲ್ಲ, ಹಾಗಾಗಿ ಅಭ್ಯಾಸವಿದ್ದವರು ಇನ್ನೂ ನಿಧಾನಕ್ಕೆ ಇಳಿಯುತ್ತಾರೆ. ಕೊಕ್ಕೆ ಹಾಕಿದ ಮೇಲೆ ಮತ್ತೊಂದು ಮೆಟ್ಟಿಲು ಇಳಿದೆವು ಎನ್ನುವವರು ಸಾಕಷ್ಟು. ಉಸಿರು, ಮೊಣಕೈ, ಹಿಂದಿನ ರಾತ್ರಿಯ ನಿದ್ದೆ ಇವೆಲ್ಲ ಸೇರಿ ಕೈಯನ್ನು ನಡುಗಿಸುವಾಗ ಎಲ್ಲ ಶ್ರೇಯಸ್ಸನ್ನೂ ಒಂದು ಲೋಹದ ತುಂಡಿಗೆ ಕೊಡಲು ನಾನು ಒಪ್ಪುವುದಿಲ್ಲ. ಭಾವನೂ ಒಪ್ಪಲಿಲ್ಲ. ಅವರ ಕಾರಣ ಬೇರೆ.

"ಇಲ್ಲಿ ನೋವು," ಎಂದು ಹೆಬ್ಬೆರಳ ಬುಡ ತೋರಿಸಿದರು, ಮಣಿಕಟ್ಟಿನ ಹತ್ತಿರ. "ಒತ್ತಿ ಹಿಡಿದರೆ ರಾತ್ರಿಯೆಲ್ಲ ಸೆಳೆತ."

ಆ ಕೀಲು ಕುದುರೆಯ ಜೀನಿನ ಆಕಾರದ್ದು. ಎರಡು ದಿಕ್ಕಿಗೂ ಆಡುವುದರಿಂದಲೇ ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬಂದು ನಿಲ್ಲಬಲ್ಲದು, ಹಾಗೆ ಆಡಿ ಆಡಿಯೇ ವಯಸ್ಸಾದಂತೆ ಸವೆಯುತ್ತದೆ. ಬಾಟಲಿ ಮುಚ್ಚಳ, ಬೀಗದ ಕೈ, ಒಗೆದ ಬಟ್ಟೆ ಹಿಂಡುವುದು, ಎಲ್ಲದರ ಭಾರವೂ ಅಲ್ಲಿಗೇ. ಲೈಕಾ ಕೊಳ್ಳುವಷ್ಟು ದುಡ್ಡು ಕೂಡುವ ಹೊತ್ತಿಗೆ ಬಹಳ ಜನಕ್ಕೆ ಆ ಕೀಲು ಮಾತಾಡತೊಡಗಿರುತ್ತದೆ. ಅಕ್ಕನ ಪ್ರಶ್ನೆಗೆ ಭಾವ ಈ ಉತ್ತರವನ್ನೇ ಕೊಡಬಹುದಿತ್ತು. ಕೊಟ್ಟಿದ್ದರೆ ಬೆಳಗಿನ ತಿರುಗಾಟಕ್ಕೆ ಕತ್ತರಿ ಬೀಳುತ್ತಿತ್ತು ಅನ್ನುವುದು ಅವರಿಗೆ ಗೊತ್ತು.

*

ಹೆಬ್ಬೆರಳು ಎಂದ ಮೇಲೆ ಏಕಲವ್ಯ ಬರದೆ ಇರುತ್ತಾನೆಯೇ. ಬೆರಳು ಕೊಟ್ಟ ಮೇಲೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಇರಲಿಲ್ಲ ಎಂದು ಮಹಾಭಾರತ ಹೇಳುತ್ತದೆ. ಗುರಿ ಹೋಯಿತೆಂದು ಹೇಳುವುದಿಲ್ಲ, ವೇಗ ಹೋಯಿತೆಂದು ಹೇಳುತ್ತದೆ. ಬರೆದವರಿಗೆ ಕೈಕೆಲಸ ಗೊತ್ತಿತ್ತು.

*

ಲೈಕಾದವರದೇ ಕ್ಯೂ ಎಂಬ ಇನ್ನೊಂದು ಸಾಲಿದೆ, 2015ರಲ್ಲಿ ಶುರುವಾದದ್ದು. ರೇಂಜ್‌ಫೈಂಡರ್ ಅಲ್ಲ, ಲೆನ್ಸು ಬದಲಿಸಲೂ ಬರುವುದಿಲ್ಲ, ಆದರೆ ಚಹರೆ ಎಂ ಮನೆತನದ್ದೇ. ಅದನ್ನು ಮಾಡುವಾಗ ಅವರು ಹೆಬ್ಬೆರಳನ್ನು ಮರೆಯಲಿಲ್ಲ. ಬೆನ್ನಿನ ಬಲಗಡೆ ಲೋಹದಲ್ಲೇ ಒಂದು ತಗ್ಗು ಕೊರೆದು ಕೊಟ್ಟರು, ಬೆರಳು ನೇರ ಹೋಗಿ ಕೂರುವಂತೆ. ಸಮಸ್ಯೆ ತೀರಿತಲ್ಲ ಎಂದುಕೊಂಡೆ.

ಈಚೆಗೆ ಅವರ ಬಿಡಿಭಾಗಗಳ ಪಟ್ಟಿ ನೋಡುತ್ತಿದ್ದೆ. ಹೆಬ್ಬೆರಳಿಗೆಂದು ತಗ್ಗು ಇರುವ ಆ ಕ್ಯೂ ಕ್ಯಾಮೆರಾಕ್ಕೂ ಶೂನಲ್ಲಿ ತೂರಿಸುವ ಥಂಬ್ ಸಪೋರ್ಟ್ ಇದೆ, ಕಪ್ಪು, ಬೆಳ್ಳಿ ಬಣ್ಣಗಳಲ್ಲಿ. ಭಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಪಾದದ ದಪ್ಪ ಎಷ್ಟು ಕೊಟ್ಟಿದ್ದಾರೆ ನೋಡು ಎಂದರು.